ಮರುಭೂಮಿಯಲ್ಲಿ ಹೂವು ನೋಡಲು ಯಾವಾಗ ಹೋಗಬೇಕು?

ಪ್ರಶ್ನೆ: ನಾನು ಮಂಡ್ಯದವಳು, ನಿವೃತ್ತ ಶಿಕ್ಷಕಿ. ಮಗಳು, ಅಳಿಯ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿದ್ದಾರೆ. ಮುಂದಿನ ವಸಂತಕ್ಕೆ ಬನ್ನಿ, ಎರಡು ಗಂಟೆ ದಾರಿಯ ಮರುಭೂಮಿಯಲ್ಲಿ ಕಣ್ಣು ಹಾಯುವಷ್ಟು ದೂರ ಹೂವು ತುಂಬಿರುತ್ತದೆ ಎಂದು ಮಗಳು ಕರೆಯುತ್ತಿದ್ದಾಳೆ, ಫೋಟೊಗಳನ್ನೂ ಕಳಿಸಿದ್ದಾಳೆ. ನಮ್ಮ ಯಜಮಾನರು ‘ಮರಳು ನೋಡುವುದಕ್ಕೆ ಅಷ್ಟು ದೂರ ಏಕೆ, ತಲಕಾಡು ಸಾಲದೇ’ ಎನ್ನುತ್ತಾರೆ. ಯಾವ ತಾರೀಖಿಗೆ ಟಿಕೆಟ್ ಮಾಡಿಸಿದರೆ ಹೂವು ಖಂಡಿತ ಸಿಗುತ್ತದೆ? ನನಗೆ ಮಂಡಿನೋವಿದೆ, ಹೆಚ್ಚು ನಡೆಯಲಾರೆ. ಆ ಹೂವಿನ ಬೀಜ ತಂದು ನಮ್ಮ ಅಂಗಳದಲ್ಲಿ ಹಾಕಿದರೆ ಬರುತ್ತದೆಯೇ?

ಉತ್ತರ: ‘ಖಂಡಿತ’ ಎಂಬುದನ್ನು ನಿಮ್ಮ ಪ್ರಶ್ನೆಯಿಂದ ತೆಗೆದುಬಿಡಿ, ಉಳಿದದ್ದಕ್ಕೆಲ್ಲ ಉತ್ತರವಿದೆ. ಮಗಳು ಕಳಿಸಿರುವ ಫೋಟೊಗಳು ಸುಳ್ಳಲ್ಲ. ಆದರೆ ಅಂಥ ಫೋಟೊಗಳಲ್ಲಿ ಬಹುಪಾಲು 2017ರವು, ಇಲ್ಲವೇ 2019ರವು. ಸ್ಯಾನ್ ಡಿಯಾಗೊದಿಂದ ಎರಡು ಗಂಟೆ ಎಂದರೆ ಅದು ಆಂಜಾ-ಬೊರೆಗೊ ಮರುಭೂಮಿ ಉದ್ಯಾನವೇ ಸರಿ. ಕ್ಯಾಲಿಫೋರ್ನಿಯಾದ ಅತಿ ದೊಡ್ಡ ರಾಜ್ಯ ಉದ್ಯಾನ ಅದು, ಆರು ಲಕ್ಷ ಎಕರೆಗೂ ಹೆಚ್ಚು. ಆ ಎರಡು ವರ್ಷ ಅಲ್ಲಿ ನೆಲ ಕಾಣದಂತೆ ಹೂವು ಹಾಸಿತ್ತು. ನಡುವಿನ 2018ರಲ್ಲಿ ಹೋದವರಿಗೆ ಕಂಡದ್ದು ಹೆಚ್ಚಾಗಿ ಜಲ್ಲಿ, ಮರಳು, ಬೂದು ಬಣ್ಣದ ಪೊದೆಗಳು. ತಿಂಗಳು ಅದೇ ಮಾರ್ಚ್, ಜಾಗವೂ ಅದೇ. ಬೇರೆಯಾದದ್ದು ಅದಕ್ಕೆ ಮುಂಚೆ ಬಿದ್ದ ಮಳೆ ಒಂದೇ. ಆದ್ದರಿಂದ ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಿಸಬೇಡಿ, ಮಳೆ ನೋಡಿ ಮಾಡಿಸಿ.

ಇದೇಕೆ ಹೀಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ವಸಂತವನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿಗೆ ಹೋದವರು ತಬ್ಬಿಬ್ಬಾಗುತ್ತಾರೆ.

ನಮ್ಮಲ್ಲಿ ವಸಂತವೆಂದರೆ ಮರಗಳ ಕಾಲ. ಫೆಬ್ರವರಿ ಮುಗಿಯುವ ಹೊತ್ತಿಗೆ ಬಂಡೀಪುರದ ದಾರಿಯಲ್ಲಿ ಎಲೆಯುದುರಿಸಿದ ಮುತ್ತುಗ ಕೇಸರಿ ತೊಡುತ್ತದೆ. ಬೂರುಗದ ಬರಿಕೊಂಬೆಯಲ್ಲಿ ದಪ್ಪ ಕೆಂಪು ಹೂವು ಕೂರುತ್ತದೆ. ಯುಗಾದಿಗೆ ಹೊಂಗೆ ಚಿಗುರುತ್ತದೆ, ಏಪ್ರಿಲ್‌ನಲ್ಲಿ ಕಕ್ಕೆ ಇಳಿಬೀಳುತ್ತದೆ. ಅದೇ ದಿನಗಳಲ್ಲಿ ಮರದ ಬುಡದ ನೆಲವನ್ನು ನೋಡಿ: ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ, ಹೂವಿನ ಸುಳಿವೇ ಇರುವುದಿಲ್ಲ. ಮರದ ಬೇರು ಆಳಕ್ಕಿಳಿದು ಕಳೆದ ವರ್ಷದ ನೀರನ್ನು ಕುಡಿಯುತ್ತದೆ. ಎಲೆ ಇಲ್ಲದಿದ್ದಾಗ ಹೂವು ಹಕ್ಕಿಗಳ ಕಣ್ಣಿಗೆ ಚೆನ್ನಾಗಿ ಬೀಳುತ್ತದೆ, ಮುಂಗಾರು ಹಿಡಿಯುವ ಹೊತ್ತಿಗೆ ಬೀಜವೂ ಬಲಿತು ನೆಲಕ್ಕೆ ಬೀಳಲು ಸಿದ್ಧವಾಗಿರುತ್ತದೆ. ಗೇಣುದ್ದದ ಗಿಡಕ್ಕೆ ಅಂಥ ಬೇರಿಲ್ಲ. ಅದು ಮಳೆಗೇ ಕಾಯಬೇಕು. ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಮಳೆ ಮೇ ತಿಂಗಳಲ್ಲಿ ಒಮ್ಮೆ ಏರಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಏರುತ್ತದೆ. ಹಾಗಾಗಿ ನಮ್ಮ ನೆಲದ ಹೂವಿಗೆ ಹಬ್ಬ ವಸಂತದಲ್ಲಲ್ಲ, ಗೌರಿ ಹಬ್ಬದಿಂದ ದೀಪಾವಳಿಯವರೆಗೆ.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇದು ತಿರುಗುಮುರುಗು. ಅಲ್ಲಿಗೆ ಮಳೆ ಬರುವುದು ಚಳಿಗಾಲದಲ್ಲಿ, ಪೆಸಿಫಿಕ್ ಸಾಗರದ ಕಡೆಯಿಂದ. ಕರಾವಳಿಯ ಬೆಟ್ಟಸಾಲು ದಾಟುವಷ್ಟರಲ್ಲಿ ಮೋಡಗಳು ತಮ್ಮಲ್ಲಿದ್ದುದನ್ನೆಲ್ಲ ಪಶ್ಚಿಮದ ಇಳಿಜಾರಿಗೆ ಸುರಿದಿರುತ್ತವೆ, ಒಳಗಿನ ಬಯಲಿಗೆ ಚೂರುಪಾರು ಮಾತ್ರ. ಬೊರೆಗೊ ಕಣಿವೆಗೆ ವರ್ಷಕ್ಕೆ ಸುಮಾರು 150 ಮಿಲಿಮೀಟರ್. ಇನ್ನೂ ಉತ್ತರದ ಡೆತ್ ವ್ಯಾಲಿಗೆ ಸುಮಾರು 50. ಮಂಡ್ಯದಲ್ಲಿ 700ರ ಆಸುಪಾಸು ಬೀಳುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಆ ಚೂರುಪಾರು ಮಳೆಗೆ ಚಳಿಗಾಲದಲ್ಲಿ ಮೊಳೆತ ಗಿಡ, ಮೇ ತಿಂಗಳ ಉರಿ ಹತ್ತುವ ಮುನ್ನ ಬೆಳೆದು, ಹೂ ಬಿಟ್ಟು, ಬೀಜ ಕಟ್ಟಿ ಸಾಯಬೇಕು. ಅದಕ್ಕೇ ಅಲ್ಲಿ ಹೂವಿನ ಕಾಲ ಫೆಬ್ರವರಿಯಿಂದ ಏಪ್ರಿಲ್.

ಎಲ್ಲ ಮಳೆಯೂ ಲೆಕ್ಕಕ್ಕಿಲ್ಲ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿದ್ದ ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ 1940ರ ದಶಕದಲ್ಲಿ ಮರುಭೂಮಿಯ ಮಣ್ಣನ್ನು ತಂದು ಪ್ರಯೋಗ ಮಾಡಿದರು. ಮಣ್ಣಿಗೆ ಕೆಳಗಿನಿಂದ ನೀರುಣಿಸಿದರೆ ಬೀಜಗಳು ಏಳಲಿಲ್ಲ. ಮೇಲಿನಿಂದ ಮಳೆಯ ಹಾಗೆ ಸುರಿಸಿದಾಗ ಎದ್ದವು, ಅದೂ ಸುಮಾರು 25 ಮಿಲಿಮೀಟರ್‌ನಷ್ಟು ಸುರಿದ ಮೇಲೆ. ಬೀಜದ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಹಿಡಿಯುವ ರಾಸಾಯನಿಕಗಳಿರುತ್ತವೆ. ನೀರು ಅವುಗಳನ್ನು ತೊಳೆದುಕೊಂಡು ಕೆಳಗಿಳಿದರೆ ಮಾತ್ರ ಬೀಜಕ್ಕೆ ಅಪ್ಪಣೆ. ತುಂತುರು ಮಳೆಗೆ ಮೋಸಹೋಗಿ ಎದ್ದ ಗಿಡ ಹೂ ಬಿಡುವ ಮುಂಚೆಯೇ ಒಣಗುತ್ತದೆ, ಅಂಥ ಗಿಡದ ವಂಶ ಮುಂದುವರಿಯುವುದಿಲ್ಲ. ವೆಂಟ್ ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಇಷ್ಟ: ಒಂದೇ ಮಣ್ಣು, ಅಷ್ಟೇ ನೀರು, ಆದರೆ ತಂಪಿನಲ್ಲಿಟ್ಟರೆ ಒಂದು ಬಗೆಯ ಗಿಡಗಳು ಎದ್ದವು, ಸೆಕೆಯಲ್ಲಿಟ್ಟರೆ ಬೇರೆಯವೇ ಎದ್ದವು. ಚಳಿಗಾಲದ ಹೂವು, ಬೇಸಿಗೆ ಮಳೆಯ ಹೂವು ಎರಡರ ಬೀಜವೂ ಒಂದೇ ಹಿಡಿ ಮಣ್ಣಿನಲ್ಲಿ ಅಕ್ಕಪಕ್ಕ ಮಲಗಿರುತ್ತವೆ.

ಒಳ್ಳೆಯ ಮಳೆ ಬಂದರೂ ಎಲ್ಲ ಬೀಜಗಳೂ ಏಳುವುದಿಲ್ಲ. ನಾಗಮಂಗಲದ ಕಡೆ ಮಳೆಯನ್ನೇ ನಂಬಿದ ರೈತ ಮೊದಲ ಹದಕ್ಕೇ ಮನೆಯ ರಾಗಿಯನ್ನೆಲ್ಲ ಬಿತ್ತುತ್ತಾನೆಯೇ? ಕೈ ಕೊಟ್ಟರೆ ಇರಲಿ ಎಂದು ಒಂದಿಷ್ಟು ಉಳಿಸಿಕೊಳ್ಳುತ್ತಾನೆ. ಮರುಭೂಮಿಯ ಗಿಡವೂ ಹಾಗೆಯೇ, ತನ್ನ ಬೀಜದಲ್ಲಿ ಒಂದು ಪಾಲನ್ನು ಮಾತ್ರ ಈ ವರ್ಷದ ಮಳೆಗೆ ಒಡ್ಡುತ್ತದೆ, ಉಳಿದದ್ದನ್ನು ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೇ ಇಡುತ್ತದೆ. ಬರದ ವರ್ಷಗಳಲ್ಲಿ ಕೂಡಿಬಿದ್ದ ಬೀಜದ ಮೇಲೆ ಸರಿಯಾದ ಮಳೆ ಬಿದ್ದಾಗ ಎದ್ದು ಬರುವುದೇ ಈಗ ಪತ್ರಿಕೆಗಳು ‘ಸೂಪರ್ ಬ್ಲೂಮ್’ ಎಂದು ಕೊಂಡಾಡುವ ಹೂವಿನ ಹಾಸು.

ಡೆತ್ ವ್ಯಾಲಿಯಲ್ಲಿ ಅಂಥದ್ದು 1998, 2005 ಮತ್ತು 2016ರಲ್ಲಿ ಆಯಿತು. 2015ರ ಅಕ್ಟೋಬರ್‌ನ ಬಿರುಮಳೆ ಅಲ್ಲಿನ ಸ್ಕಾಟೀಸ್ ಕ್ಯಾಸಲ್ ಎಂಬ ಹಳೆಯ ಬಂಗಲೆಯ ಕಣಿವೆಗೆ ಪ್ರವಾಹ ತಂದು ರಸ್ತೆಯನ್ನೇ ಕೊಚ್ಚಿಹಾಕಿತ್ತು. ನಾಲ್ಕು ತಿಂಗಳ ಬಳಿಕ ಅದೇ ಉದ್ಯಾನದ ಬಯಲುಗಳಲ್ಲಿ ಹಳದಿ ಹೂವು ಮೊಣಕಾಲೆತ್ತರಕ್ಕೆ ನಿಂತಿತ್ತು. ಪೆಸಿಫಿಕ್ ಸಾಗರದ ನಡುಭಾಗದ ನೀರು ಮಾಮೂಲಿಗಿಂತ ಬಿಸಿಯೇರುವ ಎಲ್ ನಿನೊ ವರ್ಷವಾದರೆ ಹೂವು ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. 1998 ಮತ್ತು 2016 ಅದಕ್ಕೆ ಹೊಂದುತ್ತವೆ ನಿಜ, ಆದರೆ 2017ರ ಬೊರೆಗೊ ಹೂವು ಎಲ್ ನಿನೊ ಇಲ್ಲದ ಚಳಿಗಾಲದ ಫಲ.

ಈಗ ಟಿಕೆಟ್ ವಿಚಾರ. ನಿಮಗೆ ಒಂದು ದೊಡ್ಡ ಅನುಕೂಲವಿದೆ, ತಂಗಲು ಮಗಳ ಮನೆಯಿದೆ. ಹೋಟೆಲ್ ಹಿಡಿದು ಮೂರು ದಿನಕ್ಕೆ ಹೋಗುವವರಿಗೆ ನಾನು ಕೊಡಲಾರದ ಸಲಹೆಯನ್ನು ನಿಮಗೆ ಕೊಡಬಲ್ಲೆ: ತಾರೀಖನ್ನು ಹುಡುಕಬೇಡಿ, ಅವಧಿಯನ್ನು ಹಿಡಿಯಿರಿ. ಫೆಬ್ರವರಿ ಕೊನೆಯ ವಾರ ಹೋಗಿ ಏಪ್ರಿಲ್ ಮಧ್ಯದವರೆಗೆ ಇರುವಂತೆ ನೋಡಿಕೊಳ್ಳಿ. ಅಷ್ಟು ದಿನ ಅಳಿಯನ ಮನೆಯಲ್ಲಿರಲು ಯಜಮಾನರು ಒಪ್ಪುತ್ತಾರೋ ಇಲ್ಲವೋ ಎಂಬುದು ನನ್ನ ವ್ಯಾಪ್ತಿಗೆ ಬರುವುದಿಲ್ಲ. ಹೋಗುವ ವರ್ಷವನ್ನು ಬದಲಿಸಿಕೊಳ್ಳಲು ಸಾಧ್ಯವಿದ್ದರೆ ತೀರ್ಮಾನವನ್ನು ಜನವರಿವರೆಗೆ ತಡೆಹಿಡಿಯಿರಿ. ಅಕ್ಟೋಬರ್‌ನಿಂದಲೇ ಬೊರೆಗೊ ಸ್ಪ್ರಿಂಗ್ಸ್ ಊರಿನ ಮಳೆಯನ್ನು ಬರೆದಿಡಲು ಮಗಳಿಗೆ ಹೇಳಿ. ಡಿಸೆಂಬರ್ ಒಳಗೆ ಒಂದಾದರೂ ಹದವಾದ ಮಳೆ, ಅಂದರೆ ಒಂದೇ ಸಲಕ್ಕೆ 25 ಮಿಲಿಮೀಟರ್ ಆಸುಪಾಸು, ಬಿದ್ದಿರಬೇಕು. ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆಯಾದರೂ ನೆಲ ನೆನೆಯುತ್ತಿರಬೇಕು. ಜನವರಿ-ಫೆಬ್ರವರಿಯಲ್ಲಿ ಅಕಾಲದ ಸೆಕೆ, ಒಣಗಾಳಿ ಬರಬಾರದು. ಕೊನೆಯದನ್ನು ಜನ ಮರೆಯುತ್ತಾರೆ. ಮಳೆ ಚೆನ್ನಾಗಿ ಬಂದು, ಹೂ ಬಿಡುವ ಮುನ್ನ ಒಂದು ವಾರ ಬಿಸಿಗಾಳಿ ಬೀಸಿದರೆ ಮೊಗ್ಗೇ ಕರಟಿಹೋಗುತ್ತದೆ.

ಅಲ್ಲಿಗೆ ಹೋದ ಮೇಲೆ ವಾರವಾರದ ಸುದ್ದಿಗೆ ಕೊರತೆಯಿಲ್ಲ. ಲಾಸ್ ಏಂಜಲೀಸ್ ಕಡೆಯ ಥಿಯೊಡೋರ್ ಪೇನ್ ಫೌಂಡೇಶನ್ ಎಂಬ ಸಂಸ್ಥೆ ವಸಂತದ ತಿಂಗಳುಗಳಲ್ಲಿ ಎಲ್ಲೆಲ್ಲಿ ಏನೇನು ಅರಳಿದೆ ಎಂದು ಪ್ರತಿ ವಾರ ತಿಳಿಸುತ್ತದೆ, ಉದ್ಯಾನಗಳೂ ತಮ್ಮ ತಮ್ಮ ವರದಿ ಕೊಡುತ್ತವೆ. ಸಾಮಾಜಿಕ ಜಾಲತಾಣದ ಫೋಟೊಗಳನ್ನು ನಂಬಿ ಹೊರಡಬೇಡಿ, ಅವುಗಳಿಗೆ ತಾರೀಖಿರುವುದಿಲ್ಲ.

ಹೂವಿನ ಕಾಲ ತಪ್ಪಿಹೋಯಿತು ಅನ್ನಿಸಿದರೆ ಮೇಲಕ್ಕೆ ಹೋಗಿ. ತಗ್ಗಿನಲ್ಲಿ ಮೊದಲು ಬಿಸಿಯೇರುವುದರಿಂದ ಹೂವು ಅಲ್ಲಿ ಮೊದಲು ಅರಳಿ ಮೊದಲು ಬಾಡುತ್ತದೆ, ನಂತರ ಎತ್ತರದ ಜಾಗಗಳ ಸರದಿ. ಸಮುದ್ರಮಟ್ಟಕ್ಕಿಂತ 86 ಮೀಟರ್ ತಗ್ಗಿನಲ್ಲಿರುವ ಬ್ಯಾಡ್‌ವಾಟರ್ ಎಂಬ ಬಯಲು ಡೆತ್ ವ್ಯಾಲಿಯಲ್ಲೇ ಇದೆ. ಆ ಉದ್ಯಾನದ ತಳದ ಹೂವು ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಮುಗಿದರೆ, ಸಾವಿರ-ಸಾವಿರದೈನೂರು ಮೀಟರ್ ಎತ್ತರದಲ್ಲಿ ಏಪ್ರಿಲ್‌ನಿಂದ ಮೇ ಆರಂಭದವರೆಗೆ ಇರುತ್ತದೆ, ಅದಕ್ಕೂ ಮೇಲಿನ ಬೆಟ್ಟಗಳಲ್ಲಿ ಜುಲೈವರೆಗೂ. ನಿಮಗೆ ಡೆತ್ ವ್ಯಾಲಿ ದೂರವಾಯಿತು. ಬೊರೆಗೊ ಬಾಡಿದ್ದರೆ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಎತ್ತರದ ಭಾಗಕ್ಕೆ ಹೋಗಬಹುದು. ಲಾಸ್ ಏಂಜಲೀಸ್‌ನ ಉತ್ತರಕ್ಕೆ ಆಂಟಿಲೋಪ್ ವ್ಯಾಲಿಯಲ್ಲಿ ಕಿತ್ತಳೆ ಬಣ್ಣದ ಪಾಪಿ ಹೂವಿಗಾಗಿಯೇ ಮೀಸಲಿಟ್ಟ ಗುಡ್ಡಗಳಿವೆ. ಕ್ಯಾಲಿಫೋರ್ನಿಯಾದ ರಾಜ್ಯಪುಷ್ಪ ಅದು, ಮಾರ್ಚ್ ಮಧ್ಯದಿಂದ ಏಪ್ರಿಲ್‌ವರೆಗೆ ನೋಡಬಹುದು. ಗಾಳಿ ಬೀಸಿದರೆ, ಚಳಿಯಾದರೆ ಪಾಪಿ ಮುಚ್ಚಿಕೊಂಡುಬಿಡುತ್ತದೆ. ಹಾಗಾಗಿ ಬಿಸಿಲಿರುವ, ಗಾಳಿಯಿಲ್ಲದ ದಿನ ಹತ್ತು ಗಂಟೆಯ ಮೇಲೆ ಹೋಗಿ.

ಬೊರೆಗೊದಲ್ಲಿ ಮಾತ್ರ ಮಧ್ಯಾಹ್ನ ಹೋಗುವುದು ದಂಡ. ಅಲ್ಲಿನ ಮರಳಿನಲ್ಲಿ ಮುಖ್ಯವಾಗಿ ಮೂರು ಹೂವುಗಳು ಸೇರಿ ಹಾಸು ಕಟ್ಟುತ್ತವೆ. ನೆಲಕ್ಕೆ ಅಂಟಿದಂತೆ ಹರಡುವ ನೇರಳೆ ಗುಲಾಬಿ ಬಣ್ಣದ ಸ್ಯಾಂಡ್ ವರ್ಬೀನ, ಹಳದಿಯ ಮರುಭೂಮಿ ಸೂರ್ಯಕಾಂತಿ, ಬಿಳಿಯ ಈವ್ನಿಂಗ್ ಪ್ರಿಮ್‌ರೋಸ್. ಈ ಮೂರನೆಯದರ ಪಕ್ಕದಲ್ಲಿ ಒಂದು ಸಂಜೆ ಕಳೆಯಿರಿ. ಹೊತ್ತು ಮುಳುಗುವಾಗ ಮೊಗ್ಗು ಬಿಚ್ಚಿಕೊಂಡು ನಾಲ್ಕು ದಳ ಹರಡುತ್ತದೆ. ದಳ ಕಾಗದದಷ್ಟು ತೆಳು, ಅಂಗೈಯಲ್ಲಿ ಹಿಡಿಸುವಷ್ಟು ಅಗಲ. ರಾತ್ರಿ ಪತಂಗಗಳು ಬರುತ್ತವೆ. ಬೆಳಗಿನ ಬಿಸಿಲೇರಿದಂತೆ ದಳ ಮುದುಡಿ, ಬಿಳುಪು ಹೋಗಿ ಗುಲಾಬಿಗೆ ತಿರುಗುತ್ತದೆ. ಗಿಡದಲ್ಲಿ ಬಿಳಿ ಹೂವೂ ಗುಲಾಬಿ ಹೂವೂ ಒಟ್ಟಿಗೆ ಕಂಡರೆ ಎರಡು ಜಾತಿ ಎಂದುಕೊಳ್ಳಬೇಡಿ, ಒಂದು ನಿನ್ನೆಯದು, ಇನ್ನೊಂದು ಇಂದಿನದು. ಗಿಡ ಸತ್ತ ಮೇಲೆ ಹೊರಗಿನ ಕಾಂಡಗಳು ಒಳಕ್ಕೆ ಬಾಗಿ ಒಣಗಿ ಪುಟ್ಟ ಪಂಜರದಂತೆ ಮರಳಿನ ಮೇಲೆ ನಿಂತಿರುತ್ತವೆ. ಹಿಂದಿನ ವರ್ಷದ ಪಂಜರದ ಪಕ್ಕದಲ್ಲೇ ಈ ವರ್ಷದ ಹೂವು ಕಾಣುವುದುಂಟು. ಇದೇ ಗಿಡಗಳ ಮೇಲೆ ಬೆರಳುದ್ದದ ಹುಳುಗಳು ಸಾಲುಗಟ್ಟಿ ಮೇಯುತ್ತಿದ್ದರೆ ಅಸಹ್ಯಪಡಬೇಡಿ. ಅವು ಬಿಳಿಗೆರೆಯ ಸ್ಫಿಂಕ್ಸ್ ಪತಂಗದ ಮರಿಹುಳುಗಳು. ಅರ್ಜೆಂಟೀನದಲ್ಲಿ ಚಳಿಗಾಲ ಕಳೆದು ಉತ್ತರಕ್ಕೆ ಹಾರುವ ಸ್ವೇನ್‌ಸನ್ ಗಿಡುಗಗಳು ಬೊರೆಗೊದಲ್ಲಿ ಇಳಿದು ಇವುಗಳನ್ನು ಹೊಟ್ಟೆತುಂಬ ತಿಂದು ಮುಂದೆ ಹೋಗುತ್ತವೆ.

ಹಾಸು ಇಲ್ಲದ ವರ್ಷವಾದರೂ ಹೋಗಿ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಜನಜಾತ್ರೆಯ ವರ್ಷಗಳಿಗಿಂತ ಸಾಧಾರಣ ವರ್ಷಗಳಲ್ಲೇ ಮರುಭೂಮಿಯನ್ನು ಚೆನ್ನಾಗಿ ನೋಡಬಹುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2017ರ ಮಾರ್ಚ್‌ನಲ್ಲಿ ಬೊರೆಗೊ ಸ್ಪ್ರಿಂಗ್ಸ್ ಎಂಬ ಆ ಚಿಕ್ಕ ಊರಿಗೆ ಜನ ಎಷ್ಟು ನುಗ್ಗಿದರೆಂದರೆ ದಾರಿಯುದ್ದಕ್ಕೂ ಕಾರು ನಿಂತವು, ಹೋಟೆಲುಗಳಲ್ಲಿ ಊಟ ಖಾಲಿಯಾಯಿತು. 2019ರಲ್ಲಿ ಲೇಕ್ ಎಲ್ಸಿನೋರ್ ಬಳಿಯ ವಾಕರ್ ಕಣಿವೆಯ ಪಾಪಿ ಗುಡ್ಡಗಳನ್ನು ಫೋಟೊಗಾಗಿ ಹೂವಿನ ಮೇಲೆ ಮಲಗುವವರು ತುಳಿದು ಹಾಳುಮಾಡಿದರು. 2023ರಲ್ಲಿ ಮತ್ತೆ ಹೂವು ಬಂದಾಗ ಆ ಊರಿನ ಆಡಳಿತ ಕಣಿವೆಗೆ ಯಾರನ್ನೂ ಬಿಡಲಿಲ್ಲ. ಸರಿಯಾಗಿಯೇ ಮಾಡಿತು.

ಮಳೆ ಕಡಿಮೆಯಾದ ವರ್ಷ ಒಂದೇ ಹಂಗಾಮು ಬಾಳುವ ಗಿಡಗಳು ಎರಡು ಬೆರಳಿನೆತ್ತರಕ್ಕೆ ನಿಂತು, ಒಂದೇ ಒಂದು ಹೂ ಬಿಟ್ಟು, ನಾಲ್ಕು ಬೀಜ ಕಟ್ಟಿ ಮುಗಿಸುತ್ತವೆ. ಬಗ್ಗದೆ ಅವು ಕಾಣುವುದಿಲ್ಲ. ಮಂಡಿನೋವಿರುವ ನಿಮಗೆ ಬಗ್ಗಿ ನೋಡಿ ಎನ್ನಲಾರೆ. ಮಡಚುವ ಪುಟ್ಟ ಕುರ್ಚಿ ಮತ್ತು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಒಯ್ಯಿರಿ. ಮಳೆಯ ಹಂಗು ಕಡಿಮೆಯಿರುವ ಗಿಡಗಳೂ ಇವೆ. ಬ್ರಿಟಲ್‌ಬುಶ್ ಎಂಬ ಬೂದೆಲೆಯ ಪೊದೆಯ ಮೇಲೆ ಹಳದಿ ಹೂವು ಏಳುತ್ತದೆ. ಅದರ ಗೋಂದನ್ನು ಹಿಂದೆ ಸ್ಪೇನಿನ ಪಾದ್ರಿಗಳು ಧೂಪಕ್ಕೆ ಬಳಸುತ್ತಿದ್ದರು. ಒಕೊಟೀಯೊ ಎಂಬುದೊಂದಿದೆ: ನೆಲದಿಂದ ಮುಳ್ಳಿನ ಕೋಲುಗಳು ಗೊಂಚಲಾಗಿ ಎದ್ದು ತುದಿಯಲ್ಲಿ ಕೆಂಪು ಹೂವು ಹಿಡಿದಿರುತ್ತವೆ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಕೋಲಿನ ಉದ್ದಕ್ಕೂ ಹಸಿರೆಲೆ ಬರುತ್ತದೆ, ಒಣಗಿದರೆ ಉದುರುತ್ತದೆ, ಮತ್ತೆ ಮಳೆಯಾದರೆ ಮತ್ತೆ ಚಿಗುರು. ವರ್ಷದಲ್ಲಿ ಹಲವು ಬಾರಿ ಇದೇ ಕತೆ. ನಮ್ಮಲ್ಲಿ ಸೂರಕ್ಕಿ ಮಾಡುವ ಕೆಲಸವನ್ನು ಆ ಹೂವಿಗೆ ಹಮ್ಮಿಂಗ್‌ಬರ್ಡ್ ಮಾಡುತ್ತದೆ.

ಕಳ್ಳಿಗಳ ವಿಚಾರದಲ್ಲಿ ಒಂದು ಮಾತು. ನಮ್ಮ ಬೇಲಿಯ ಚದುರಗಳ್ಳಿ, ಎಲೆಗಳ್ಳಿ ಮುರಿದರೆ ಹಾಲು ಸುರಿಯುತ್ತದೆ. ಅವು ಬೇರೆಯೇ ಕುಲದವು, ಅಲ್ಲಿನ ಕ್ಯಾಕ್ಟಸ್‌ಗಳಲ್ಲಿ ಅಂಥ ಹಾಲಿಲ್ಲ. ನಮ್ಮಲ್ಲಿ ನಿಜವಾಗಿ ಕ್ಯಾಕ್ಟಸ್ ಜಾತಿಗೆ ಸೇರಿದ್ದು ಪಾಪಾಸುಕಳ್ಳಿ, ಅದು ಅಮೆರಿಕ ಖಂಡದಿಂದ ಬಂದದ್ದು. ಬೊರೆಗೊದಲ್ಲಿ ಅದರ ಬಂಧು ಬೀವರ್‌ಟೇಲ್ ಕಳ್ಳಿಯನ್ನು ನೋಡುತ್ತೀರಿ. ಬೂದುಹಸಿರು ಹಲಗೆಯ ಅಂಚಿನಲ್ಲಿ ಕಡುಗುಲಾಬಿ ಹೂವು, ನೋಡಿ ಮುಟ್ಟಬೇಕೆನ್ನಿಸುತ್ತದೆ. ಮುಟ್ಟಬೇಡಿ, ಕಣ್ಣಿಗೆ ಕಾಣದ ಸಣ್ಣ ಮುಳ್ಳುಗಳು ಬೆರಳಿಗೆ ಇಳಿಯುತ್ತವೆ. ಅಲ್ಲಿನ ಮೆಸ್ಕೀಟ್ ಮರವೂ ನಿಮಗೆ ಪರಿಚಿತ ಅನ್ನಿಸುತ್ತದೆ. ಬಳ್ಳಾರಿ ಜಾಲಿಯ ಹತ್ತಿರದ ನೆಂಟ ಅದು.

ನಿಮ್ಮ ಮಂಡಿಗೆ ತಕ್ಕ ದಾರಿ ಹೀಗಿರಲಿ. ಸ್ಯಾನ್ ಡಿಯಾಗೊದಿಂದ ರಾಂಚೀಟ ಎಂಬ ಹಳ್ಳಿಯ ಮೇಲೆ ಹೋಗುವ ರಸ್ತೆಯಲ್ಲಿ ಬನ್ನಿ. ಅಲ್ಲಿಂದ ಘಟ್ಟದ ರಸ್ತೆ ಸುಮಾರು ಸಾವಿರ ಮೀಟರ್ ಇಳಿದು ಕಣಿವೆಯ ತಳಕ್ಕೆ ಬರುತ್ತದೆ. ಕಾರಿನಲ್ಲಿ ಕುಳಿತೇ ಎತ್ತರಕ್ಕೆ ತಕ್ಕಂತೆ ಗಿಡಗಳು ಬದಲಾಗುವುದನ್ನು ನೋಡಬಹುದು. ಮೊದಲು ಉದ್ಯಾನದ ಮಾಹಿತಿ ಕೇಂದ್ರಕ್ಕೆ ಹೋಗಿ. ಅದರ ಸುತ್ತ ಅಲ್ಲಿನದೇ ಗಿಡಗಳನ್ನು ಹೆಸರು ಬರೆದು ಬೆಳೆಸಿದ್ದಾರೆ, ದಾರಿಯೂ ಸಪಾಟಾಗಿದೆ. ಹೆಸರುಗಳನ್ನು ಅಲ್ಲೇ ಕಲಿತುಕೊಂಡರೆ ಆಮೇಲಿನ ಸುತ್ತಾಟ ಸಲೀಸು. ಹೂವಿನ ಹಾಸು ಬರುವ ವರ್ಷಗಳಲ್ಲಿ ಹೆಂಡರ್‌ಸನ್ ಕ್ಯಾನಿಯನ್ ರಸ್ತೆಯ ಪಕ್ಕದ ಮರಳು ಬಯಲಿನಲ್ಲೇ ಅದು ಬರುತ್ತದೆ, ಕಾರಿನಿಂದಿಳಿದು ಹತ್ತು ಹೆಜ್ಜೆ ಸಾಕು. ಪಾಮ್ ಕ್ಯಾನಿಯನ್ ಎಂಬ ಕಣಿವೆಯ ದಾರಿ ಹೋಗಿಬರಲು ಐದು ಕಿಲೋಮೀಟರ್, ಕಲ್ಲುಗಳ ಮೇಲೆ ಹತ್ತಿಳಿಯಬೇಕು. ಅದನ್ನು ಮಗಳು, ಅಳಿಯನಿಗೆ ಬಿಟ್ಟುಕೊಡಿ. ಶನಿವಾರ, ಭಾನುವಾರ ಬೇಡ. ಅಳಿಯನಿಗೆ ಒಂದು ದಿನ ರಜೆ ಹಾಕಿಸಿ, ಅಲ್ಲೇ ಒಂದು ರಾತ್ರಿ ತಂಗುವಂತೆ ನೋಡಿಕೊಂಡರೆ ಸಂಜೆಯ ಹೂವು, ಬೆಳಗಿನ ಹೂವು ಎರಡೂ ಸಿಗುತ್ತವೆ.

ಎಚ್ಚರಿಕೆಗಳನ್ನು ಬೇಗ ಹೇಳಿಬಿಡುತ್ತೇನೆ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕಾರಿನಲ್ಲಿರಲಿ. ಮೊಬೈಲ್ ಸಿಗ್ನಲ್ ಹಲವೆಡೆ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಮಾರ್ಚ್‌ನಲ್ಲಿ ಹಗಲು ಹಿತವಾಗಿದ್ದರೂ ರಾತ್ರಿ ಚಳಿ, ಸ್ವೆಟರ್ ಬೇಕು. ಬಿಸಿಲು ಹೆಚ್ಚಿದಂತೆ ಗಿಲಕಿಹಾವುಗಳು ಹೊರಬರುತ್ತವೆ, ಕಲ್ಲಿನ ಸಂದಿಗೆ, ಪೊದೆಯ ಬುಡಕ್ಕೆ ಕೈಯಿಡಬಾರದು. ಮೊಸರನ್ನ ಕಟ್ಟಿಕೊಂಡು ಹೋಗಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಸೀರೆ ಮಾತ್ರ ಆ ದಿನ ಬೇಡ. ಚೋಯಾ ಎಂಬ ಕಳ್ಳಿಯ ತುಂಡುಗಳು ನೆಲದಲ್ಲಿ ಬಿದ್ದಿರುತ್ತವೆ, ಸೆರಗೋ ನೆರಿಗೆಯೋ ಸೋಕಿದರೆ ಸಾಕು, ಅಂಟಿಕೊಳ್ಳುತ್ತವೆ. ಬಿಡಿಸಲು ಕೈ ಹಾಕಿದರೆ ಕೈಗೂ ಹತ್ತುತ್ತವೆ. ಅಲ್ಲಿಯವರು ಇದಕ್ಕಾಗಿಯೇ ಜೊತೆಯಲ್ಲಿ ಒಂದು ಬಾಚಣಿಗೆ ಇಟ್ಟುಕೊಂಡಿರುತ್ತಾರೆ. ತುಂಡಿಗೂ ಬಟ್ಟೆಗೂ ನಡುವೆ ಬಾಚಣಿಗೆಯ ಹಲ್ಲು ತೂರಿಸಿ ಆಚೆಗೆ ಚಿಮ್ಮಿಸಬೇಕು. ನಿಮ್ಮಿಬ್ಬರ ವಯಸ್ಸಿಗೆ ಪ್ರಯಾಣ ವಿಮೆ ಇಲ್ಲದೆ ವಿಮಾನ ಹತ್ತಬೇಡಿ.

ಇನ್ನು ಯಜಮಾನರ ತಲಕಾಡು. ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ತಲಕಾಡಿನಲ್ಲಿ ನೆಲ ಮಾತ್ರ ಮರಳು, ಆಕಾಶ ಮರುಭೂಮಿಯದಲ್ಲ. ಅದು ಕಾವೇರಿಯ ಮರಳು, ಗಾಳಿಗೆ ಹಾರಿ ಗುಡ್ಡೆಯಾಗಿ ದೇವಸ್ಥಾನಗಳನ್ನು ಮುಚ್ಚಿದ್ದು. ಮಳೆ ಅಲ್ಲಿ ಧಾರಾಳವಾಗಿಯೇ ಬೀಳುತ್ತದೆ, ಪಕ್ಕದಲ್ಲಿ ಹೊಳೆಯೇ ಹರಿಯುತ್ತದೆ. ಅಲಮೇಲಮ್ಮನ ಶಾಪದ ಕತೆ ಕೇಳಲು, ಪಂಚಲಿಂಗ ದರ್ಶನಕ್ಕೆ ಹೋಗಿ, ಮರುಭೂಮಿ ಹುಡುಕಿಕೊಂಡು ಹೋಗಬೇಡಿ. ಬರಡು ನೆಲ ಹೂ ಬಿಡುವುದನ್ನು ಇಲ್ಲೇ ನೋಡಬೇಕೆಂದರೆ ನಿಮ್ಮ ಜಿಲ್ಲೆಯಲ್ಲೇ ಮೇಲುಕೋಟೆ ಇದೆ. ನಾಲೆಯ ನೀರು ಹತ್ತದ ಕಲ್ಲುಗುಡ್ಡ, ಕುರುಚಲು ಕಾಡು, ತೋಳಗಳಿಗೆ ಹೆಸರಾದ ವನ್ಯಧಾಮ. ಹುಣಸೂರಿನ ಬಳಿಯ ಅರಬಿತಿಟ್ಟು, ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿ, ಶ್ರೀರಂಗಪಟ್ಟಣದ ಕರಿಘಟ್ಟ, ಇವೂ ಅದೇ ಬಗೆಯ ನೆಲ. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಆದರೆ ಹೂವು ನೋಡಲು ದಾರಿಯ ಬದಿಯೇ ಸಾಕು.

ಅಮೆರಿಕಕ್ಕೆ ಹೊರಡುವ ಮುಂಚಿನ ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಎಂಟು ಗಂಟೆಗೆಲ್ಲ ಮೇಲುಕೋಟೆಯಲ್ಲಿರಿ. ಬಂಡೆಯ ಪಕ್ಕದ ತೆಳುಮಣ್ಣಿನಲ್ಲಿ ವಿಷ್ಣುಕ್ರಾಂತಿ ಹುಡುಕಿ. ನೆಲಕ್ಕೆ ಒರಗಿದ ಸಣ್ಣ ಬಳ್ಳಿ, ಎಲೆಯ ಮೇಲೆ ಬೆಳ್ಳಿಯಂಥ ನಯವಾದ ರೋಮ, ಶರ್ಟಿನ ಗುಂಡಿಗಿಂತ ಚಿಕ್ಕ ನೀಲಿ ಹೂವು, ನಟ್ಟನಡುವೆ ಬಿಳಿ. ಆ ರೋಮವೇಕೆ? ಬಿಸಿಲನ್ನು ಹಿಂದಕ್ಕೆ ಚೆಲ್ಲಲು, ಎಲೆಯ ತೇವವನ್ನು ಗಾಳಿ ಒಯ್ಯದಂತೆ ತಡೆ ಹಾಕಲು. ಬೊರೆಗೊದ ಬ್ರಿಟಲ್‌ಬುಶ್ ಎಲೆ ಬೂದು ಬಣ್ಣಕ್ಕಿರುವುದೂ ಇದೇ ಕಾರಣಕ್ಕೆ. ಮಧ್ಯಾಹ್ನದ ಹೊತ್ತಿಗೆ ವಿಷ್ಣುಕ್ರಾಂತಿ ಮುಚ್ಚಿಕೊಂಡಿರುತ್ತದೆ. ಸುತ್ತ ತುಂಬೆ, ಬೇಲಿಯ ಮೇಲೆ ಗೌರಿ ಹೂವು, ಕಲ್ಲಿನ ಇಳಿಜಾರಿನಲ್ಲಿ ತಂಗಡಿಯ ಹಳದಿ. ಅದೇ ಜಾಗಕ್ಕೆ ಫೆಬ್ರವರಿಯಲ್ಲಿ ಇನ್ನೊಮ್ಮೆ ಹೋಗಿ ನೋಡಿದರೆ, ಅಕ್ಟೋಬರ್‌ನ ಹೂವು ಎಲ್ಲಿತ್ತೆಂದು ಗುರುತು ಹಿಡಿಯುವುದೇ ಕಷ್ಟ. ಒಣನೆಲದ ಹೂವನ್ನು ಹುಡುಕುವ ಅಭ್ಯಾಸ ಕಣ್ಣಿಗೆ ಇಲ್ಲೇ ಆಗಿಬಿಡುತ್ತದೆ, ಖರ್ಚು ಬಸ್ ಚಾರ್ಜು ಮಾತ್ರ.

ದೇಶದೊಳಗೇ ಮರುಭೂಮಿ ನೋಡೋಣವೆಂದು ಯಜಮಾನರು ರಾಜಸ್ಥಾನದ ಮಾತೆತ್ತಿದರೆ, ಅಲ್ಲಿಯೂ ನಮ್ಮ ಲೆಕ್ಕವೇ ಎಂದು ತಿಳಿದಿರಲಿ. ಥಾರ್‌ಗೆ ಮಳೆ ಮುಂಗಾರಿನದು, ಆದ್ದರಿಂದ ನೆಲದ ಹೂವು ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ವಸಂತದಲ್ಲಿ ಮರಗಳು: ರೋಹಿಡಾ ಮರ ಹಳದಿ, ಕಿತ್ತಳೆ, ಕೆಂಪು ಬಣ್ಣದ ಹೂವು ತುಂಬಿಕೊಳ್ಳುತ್ತದೆ, ಅದು ಆ ರಾಜ್ಯದ ಪುಷ್ಪ. ಆ ರಾಜ್ಯದ ಮರ ಖೇಜ್ರಿ, ದಸರೆಯಲ್ಲಿ ನಾವು ಪೂಜಿಸುವ ಶಮೀವೃಕ್ಷ.

ಬೀಜದ ಪ್ರಶ್ನೆಗೆ ಉತ್ತರ: ತರಬೇಡಿ. ಅಲ್ಲಿನ ಉದ್ಯಾನಗಳಲ್ಲಿ ಹೂವು ಕೀಳುವುದು, ಬೀಜ ಆರಿಸುವುದು ಅಪರಾಧ. ಪರವಾನಗಿ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದೆ ಬೀಜವನ್ನು ಭಾರತದೊಳಗೆ ತರುವುದೂ ಕಾನೂನಿಗೆ ವಿರುದ್ಧ. ತಂದರೂ ಮಂಡ್ಯದ ಮಣ್ಣಿನಲ್ಲಿ ಅವು ಬಾಳುವುದು ಅನುಮಾನ. ಚಳಿಗಾಲದ ಮಳೆ ಕೇಳುವ ಬೀಜಕ್ಕೆ ನಾವು ಮುಂಗಾರು ಕೊಟ್ಟರೆ ಅದು ಕೊಳೆಯುತ್ತದೆ. ಬಾಳಿಬಿಟ್ಟರೆ ಇನ್ನೂ ಕಷ್ಟ. ಅಂದಕ್ಕೆಂದು ತಂದ ಲಂಟಾನ ನಮ್ಮ ಕಾಡುಗಳನ್ನು ಏನು ಮಾಡಿದೆ ಎಂಬುದನ್ನು ಬಂಡೀಪುರದ ದಾರಿಯಲ್ಲಿ ನೋಡಿದ್ದೀರಿ. ಕೆಂಪು ಬಣ್ಣ ಕೊಡುವ ಹುಳು ಸಾಕಲೆಂದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬೆಳೆಸಿದ ಪಾಪಾಸುಕಳ್ಳಿ ದಕ್ಷಿಣ ಭಾರತದ ಹೊಲಗಳನ್ನು ಎಷ್ಟು ಆವರಿಸಿತೆಂದರೆ, ಅದನ್ನು ತಿನ್ನುವ ಇನ್ನೊಂದು ಹುಳುವನ್ನು 1926ರಲ್ಲಿ ಸಿಂಹಳದಿಂದ ತರಿಸಬೇಕಾಯಿತು. ಬೊರೆಗೊದಲ್ಲೂ ಈಗ ಇದೇ ಗೋಳು. ಸಾಸಿವೆಯ ಜಾತಿಯ ಸಹಾರಾ ಮಸ್ಟರ್ಡ್ ಎಂಬ ಹೊರಗಿನ ಕಳೆ ಮಳೆ ಬಿದ್ದೊಡನೆ ಎದ್ದು, ಸ್ಥಳೀಯ ಹೂವಿಗೆ ಜಾಗವಿಲ್ಲದಂತೆ ಮಾಡುತ್ತಿದೆ. ಸ್ವಯಂಸೇವಕರು ಅದನ್ನು ಕಿತ್ತು ಹಾಕುತ್ತಿರುವುದನ್ನು ನೀವು ನೋಡಲೂಬಹುದು.

ಅಮೆರಿಕದ ಕಾಡುಹೂವು ಅಂಗಳದಲ್ಲಿ ಇರಲೇಬೇಕೆಂದರೆ ಗೈಲಾರ್ಡಿಯ ಹಾಕಿ. ಟೆಕ್ಸಾಸ್, ಮೆಕ್ಸಿಕೊ ಕಡೆಯ ಒಣಬಯಲಿನ ಹೂವದು. ಕೆಂಪು ದಳದ ಅಂಚಿಗೆ ಹಳದಿ, ನಮ್ಮ ಹೂವಾಡಗಿತ್ತಿಯರು ಹಾರಕ್ಕೆ ಪೋಣಿಸುವುದೂ ಅದನ್ನೇ. ಬೀಜ ಮೈಸೂರಿನ ಬೀಜದ ಅಂಗಡಿಗಳಲ್ಲೇ ಸಿಗುತ್ತದೆ. ದಿನವಿಡೀ ಬಿಸಿಲು ಬೀಳುವ ಕಡೆ ಹಾಕಿ, ಮಣ್ಣಿಗೆ ಒಂದಿಷ್ಟು ಮರಳು ಬೆರೆಸಿ. ಬುಡದಲ್ಲಿ ನೀರು ನಿಲ್ಲಬಾರದು, ಗೊಬ್ಬರ ಹೆಚ್ಚಾದರೆ ಸೊಪ್ಪೇ ಬೆಳೆಯುತ್ತದೆ, ಹೂವು ಬಿಡುವುದಿಲ್ಲ.